ಸ್ಟಾರ್ಟಪ್ ನಿಮ್ಮ ವೆಂಡರ್ ಆಗಬೇಕೇ? ಪೈಲಟ್‌ನಿಂದ ಪೇಮೆಂಟ್‌ವರೆಗೆ ಹೀಗೆ ಮಾಡಿ

ಸ್ಟಾರ್ಟಪ್‌ನವರು ತೋರಿಸಿದ ಡೆಮೊ ಕಂಪನಿಯಲ್ಲಿ ಎಲ್ಲರಿಗೂ ಇಷ್ಟವಾಗುತ್ತದೆ. ‘ಒಂದು ಟ್ರಯಲ್ ಹಾಕಿ ನೋಡೋಣ’ ಅನ್ನುತ್ತಾರೆ. ಈ ಟ್ರಯಲ್‌ಗೇ ಪೈಲಟ್ ಅನ್ನುವುದು. ತಿಂಗಳುಗಟ್ಟಲೆ ಕಾದರೂ ಪರ್ಚೇಸ್ ಆರ್ಡರ್ (ಪಿಒ) ಬರುವುದಿಲ್ಲ, ಬೇಡ ಅಂತಲೂ ಯಾರೂ ಹೇಳುವುದಿಲ್ಲ. ದೊಡ್ಡ ಕಂಪನಿಗೆ ಇದರಿಂದ ಜಾಸ್ತಿ ತೊಂದರೆ ಇಲ್ಲ. ಎಂಟು ಹತ್ತು ಜನರ ಸ್ಟಾರ್ಟಪ್‌ನಲ್ಲಿ ಮಾತ್ರ ಅಷ್ಟರಲ್ಲಿ ಸಂಬಳಕ್ಕೆ ಇಟ್ಟ ದುಡ್ಡೇ ಕರಗಿರುತ್ತದೆ. ಒಳ್ಳೆಯ ಸರಕು ಹೀಗೆ ಕೈತಪ್ಪುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ನೀವು ಖರೀದಿ ವಿಭಾಗದಲ್ಲೋ ಪ್ರೊಡಕ್ಷನ್‌ನಲ್ಲೋ ಇದ್ದರೆ ಇದು ನಿಮಗಾಗಿ.

1. ನಿಮ್ಮ ತೊಂದರೆ ಏನೆಂದು ಬರೆಯಿರಿ. ‘ನಮಗೂ ಎಐ ಬೇಕು’ ಅನ್ನುವುದು ತೊಂದರೆ ಅಲ್ಲ. ‘ಮೂರನೇ ಲೈನ್‌ನಲ್ಲಿ ಮೋಟರ್ ಬೇರಿಂಗ್ ಸುಳಿವು ಕೊಡದೆ ಕೆಡುತ್ತಿದೆ’ ಅನ್ನುವುದು ತೊಂದರೆ. ಹ್ಯಾಕಥಾನ್ (ಒಂದೆರಡು ದಿನದಲ್ಲಿ ಐಡಿಯಾ ಮಾಡಿ ತೋರಿಸುವ ಸ್ಪರ್ಧೆ) ಮಾಡಬೇಡಿ. ಅಲ್ಲಿ ಫೋಟೊ ಸಿಗುತ್ತದೆ, ವೆಂಡರ್ ಸಿಗುವುದಿಲ್ಲ.

2. ಒಬ್ಬರನ್ನು ಹೊಣೆ ಮಾಡಿ. ಆ ಲೈನ್ ನಡೆಸುವವರೇ ಆಗಿರಲಿ.

3. ಪೈಲಟ್‌ಗೆ ದುಡ್ಡು ಕೊಡಿ. ಎಲ್ಲರೂ ಎಡವುವುದು ಇಲ್ಲೇ. ಪುಕ್ಕಟೆ ಪೈಲಟ್ ಒಪ್ಪಿಕೊಳ್ಳಲೇಬೇಡಿ, ಸ್ಟಾರ್ಟಪ್‌ನವರೇ ಕೊಡುತ್ತೇವೆಂದರೂ. ದುಡ್ಡು ಹೋಗದ ಕೆಲಸಕ್ಕೆ ನಿಮ್ಮವರು ಯಾರೂ ಸಮಯ ಕೊಡುವುದಿಲ್ಲ. ಚಿಕ್ಕ ಮೊತ್ತವಾದರೂ ಸರಿ, ಪಿಒ ತೆಗೆಯಿರಿ. ಬಿಎಂಡಬ್ಲ್ಯು ಕಂಪನಿ 2015ರಲ್ಲಿ ಶುರು ಮಾಡಿದ ಸ್ಟಾರ್ಟಪ್ ಗ್ಯಾರೇಜ್ ನಡೆಯುವುದೂ ಹೀಗೆಯೇ. ಅದು ಸ್ಟಾರ್ಟಪ್‌ನ ಷೇರು ಕೇಳುವುದಿಲ್ಲ, ಗಿರಾಕಿಯಾಗಿ ಸರಕು ಕೊಳ್ಳುತ್ತದೆ.

ಪಿಒ ಜೊತೆ ಒಂದೇ ಪುಟದ ಕಾಗದ ಇರಲಿ. ಏನನ್ನು ಅಳೆಯುತ್ತೀರಿ, ಇವತ್ತು ಆ ಅಂಕಿ ಎಷ್ಟಿದೆ, ಎಷ್ಟಾದರೆ ಪಾಸ್, ಯಾವ ತಾರೀಕಿಗೆ ಮುಗಿಯುತ್ತದೆ ಎಂದು ಬರೆಯಿರಿ. ಪಾಸಾದರೆ ಎಷ್ಟು ಪೀಸ್, ಯಾವ ದರಕ್ಕೆ ಕೊಳ್ಳುತ್ತೀರಿ ಅನ್ನುವುದೂ ಅಲ್ಲೇ ಇರಬೇಕು. ಈ ಕೊನೆಯ ಸಾಲಿಗೆ ಖರೀದಿ ವಿಭಾಗದವರ ಸಹಿ ಪೈಲಟ್ ಶುರುವಾಗುವ ಮೊದಲೇ ಬೀಳಲಿ. ಎಲ್ಲ ಮುಗಿದ ಮೇಲೆ ‘ಬಜೆಟ್ ಇಲ್ಲ’ ಅನ್ನುವುದು ಅನ್ಯಾಯ.

ಅವಧಿಯನ್ನು ಸುಮ್ನೆ ಒಂದು ತಿಂಗಳು ಅಂತ ಹಾಕಬೇಡಿ. ಬೇರಿಂಗ್ ವರ್ಷಕ್ಕೆ ಎರಡೇ ಸಲ ಕೆಡುತ್ತದೆ ಎಂದರೆ ಒಂದು ತಿಂಗಳಲ್ಲಿ ಏನು ತಿಳಿದೀತು? ಸವೆದದ್ದೆಂದು ಗೊತ್ತಿರುವ ಒಂದು ಮೋಟರ್, ಹೊಸದೊಂದು ಮೋಟರ್, ಎರಡಕ್ಕೂ ಸ್ಟಾರ್ಟಪ್‌ನವರ ಸೆನ್ಸರ್ ಹಾಕಿಸಿ. ವ್ಯತ್ಯಾಸ ಹಿಡಿಯುತ್ತದಾ ನೋಡಿ. ಸುಳ್ಳು ಅಲಾರಂಗಳನ್ನೂ ಎಣಿಸಿ. ದಿನಾ ಕೂಗುವ ಯಂತ್ರದ ಮಾತನ್ನು ರಾತ್ರಿ ಶಿಫ್ಟ್‌ನವರು ಕೇಳುವುದಿಲ್ಲ. ಗೇಟ್ ಪಾಸ್, ವೈಫೈ ಅನುಮತಿ, ಮಷಿನ್ ನಿಲ್ಲಿಸುವ ಹೊತ್ತು ಇವೆಲ್ಲ ಮೊದಲ ದಿನಕ್ಕೇ ಸಿದ್ಧವಿರಲಿ. ಪೈಲಟ್‌ನ ಅರ್ಧ ಸಮಯ ಐಟಿ ವಿಭಾಗದ ಬಾಗಿಲಲ್ಲಿ ಕಾಯುವುದರಲ್ಲೇ ಹೋಗಬಾರದು, ಅಲ್ವಾ?

ಮುಗಿದ ವಾರದೊಳಗೆ ಹೌದು ಅಥವಾ ಬೇಡ ಅಂತ ಹೇಳಿಬಿಡಿ. ‘ಬೇಡ’ ಎಂಬ ಉತ್ತರವೂ ಅವರಿಗೆ ಉಪಕಾರವೇ.

4. ಕರಾರನ್ನು ಚಿಕ್ಕದು ಮಾಡಿ. ಹಳೆಯ ವೆಂಡರ್‌ಗಳ ಉದ್ದದ ಕರಾರನ್ನೇ ಇವರ ಮುಂದೆ ಇಡಬೇಡಿ. ಮೂರು ವರ್ಷದ ವಹಿವಾಟು ತೋರಿಸಿ ಅಂದರೆ ಒಂದೂವರೆ ವರ್ಷದ ಕಂಪನಿ ಏನು ತೋರಿಸಬೇಕು? ಕೇಂದ್ರ ಸರ್ಕಾರವೇ ತನ್ನ ಖರೀದಿಯಲ್ಲಿ ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ ಹಿಂದಿನ ವಹಿವಾಟು, ಅನುಭವದ ಷರತ್ತನ್ನು ಸಡಿಲಿಸಲು ಅವಕಾಶ ಕೊಟ್ಟಿದೆ. ಗುಣಮಟ್ಟದಲ್ಲಿ ಮಾತ್ರ ರಿಯಾಯಿತಿ ಇಲ್ಲ. ನೀವೂ ಹಾಗೇ ಮಾಡಿ. ನಿಮ್ಮ ಮಷಿನ್‌ನ ಡೇಟಾ ನಿಮ್ಮದು, ಅವರ ಸಾಫ್ಟ್‌ವೇರ್ ಅವರದು. ನಾಳೆ ಆ ಕಂಪನಿ ಮುಚ್ಚಿದರೆ ಏನು ಗತಿ ಅನ್ನುವ ಭಯವಿದ್ದರೆ, ಸೋರ್ಸ್ ಕೋಡ್‌ನ ಪ್ರತಿಯನ್ನು ಮೂರನೆಯವರ ಬಳಿ ಇಡಿಸಿ.

ಒಂದು ಅಡ್ಡದಾರಿ ಇದೆ. ಸ್ಟಾರ್ಟಪ್‌ಗೆ ವೆಂಡರ್ ಕೋಡ್ ಮಾಡಿಸುವ, ಅಂದರೆ ಅದನ್ನು ಕಂಪನಿಯ ವೆಂಡರ್ ಪಟ್ಟಿಗೆ ಸೇರಿಸುವ, ತಲೆನೋವು ಬೇಡವೆಂದು ದೊಡ್ಡ ವೆಂಡರ್‌ನ ಹೆಸರಲ್ಲಿ ಬಿಲ್ ಮಾಡಿಸುತ್ತಾರೆ. ಆ ದಾರಿ ಹಿಡಿಯಬೇಡಿ. ಮಧ್ಯದವರು ಕಮಿಷನ್ ಹಿಡಿಯುತ್ತಾರೆ, ದುಡ್ಡು ಇನ್ನೂ ತಡವಾಗುತ್ತದೆ, ಕೆಟ್ಟಾಗ ಯಾರಿಗೆ ಫೋನ್ ಮಾಡಬೇಕೆಂದೇ ಗೊತ್ತಾಗುವುದಿಲ್ಲ.

5. ದುಡ್ಡು ಹೊತ್ತಿಗೆ ಕೊಡಿ. ‘90 ದಿನ ನಮ್ಮ ಪಾಲಿಸಿ’ ಅನ್ನುವ ಅಕೌಂಟ್ಸ್‌ನವರಿಗೆ ಕಿರು, ಸಣ್ಣ, ಮಧ್ಯಮ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ತೋರಿಸಿ. ಸರ್ಕಾರದ ಉದ್ಯಮ್ ನೋಂದಣಿ ಇರುವ ಕಿರು, ಸಣ್ಣ ಉದ್ದಿಮೆಗೆ ಸರಕು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಲೇಬೇಕು. ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳು ತಿಂಗಳು ಅಸಲಿಗೆ ಸೇರುವ ಲೆಕ್ಕದಲ್ಲಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯೂ ಬಿಗಿಯಾಗಿದೆ. ಗಡುವು ಮೀರಿದ ಬಾಕಿಯನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚಾಗಿ ತೋರಿಸಬಹುದು. ಹಾಗಾಗಿ ಅವರ ಉದ್ಯಮ್ ಸಂಖ್ಯೆಯನ್ನು ವೆಂಡರ್ ಫಾರಂನಲ್ಲೇ ಬರೆಸಿಕೊಳ್ಳಿ.

ಕಾನೂನು ಅಷ್ಟು ಹೇಳುತ್ತದೆ. ನನ್ನನ್ನು ಕೇಳಿದರೆ ಮೂವತ್ತು ಪರ್ಸೆಂಟ್ ಅಡ್ವಾನ್ಸ್, ಉಳಿದದ್ದು 15 ದಿನದಲ್ಲಿ.

6. ನಿಧಾನವಾಗಿ ಬೆಳೆಸಿ. ಪೈಲಟ್ ಗೆದ್ದ ಖುಷಿಗೆ ಎಲ್ಲ ಪ್ಲಾಂಟ್‌ಗೂ ಒಟ್ಟಿಗೆ ಆರ್ಡರ್ ಹಾಕಬೇಡಿ. ಮೊದಲು ಒಂದು ಲೈನ್, ಆಮೇಲೆ ಒಂದು ಪ್ಲಾಂಟ್. ಮುಂದಿನ ಮೂರು ತಿಂಗಳಿಗೆ ಎಷ್ಟು ಬೇಕಾಗಬಹುದೆಂದು ಪ್ರತಿ ತಿಂಗಳು ತಿಳಿಸುತ್ತಿರಿ. ಬಿಡಿಭಾಗ ತರಿಸಲು ಅವರಿಗೂ ಹೊತ್ತು ಬೇಕು.