ದಾವಣಗೆರೆಯಿಂದ ಆಳಂದಿಗೆ: ವಾರಿಗೂ ಮೊದಲಿನ ದಾರಿ

ಪಂಢರಪುರಕ್ಕೆ ನಮ್ಮ ದಾವಣಗೆರೆಯಿಂದ ನೇರ ರೈಲಿದೆ. ಮೈಸೂರಿನಿಂದ ಬರುವ ಗೋಲಗುಂಬಜ್ ಎಕ್ಸ್‌ಪ್ರೆಸ್. ಹತ್ತಿ ಮಲಗಿದರೆ ಗದಗ, ವಿಜಯಪುರ, ಸೊಲ್ಲಾಪುರ ದಾಟಿಸಿ ವಿಠ್ಠಲನ ಊರಲ್ಲೇ ಇಳಿಸುತ್ತದೆ. ಆದರೆ ಆಷಾಢದ ವಾರಿಗೆ, ಅಂದರೆ ಪಂಢರಪುರದ ಪಾದಯಾತ್ರೆಗೆ, ನಡೆದೇ ಹೋಗಬೇಕು ಎಂದು ಹೊರಟವರು ಈ ರೈಲು ಹತ್ತುವಂತಿಲ್ಲ. ಪಂಢರಪುರ ನಡಿಗೆ ಮುಗಿಯುವ ಊರು. ಶುರುವಾಗುವುದು ಅಲ್ಲಿಂದ ಸುಮಾರು 250 ಕಿ.ಮೀ. ಆಚೆ, ಪುಣೆ ಪಕ್ಕದ ಆಳಂದಿಯಲ್ಲಿ.

ಮೊದಲ ಸಲ ಹೊರಟಾಗ ನಾನು ಮೂರು ತಿಂಗಳು ಕಾಲಿಗೆ ತಾಲೀಮು ಕೊಟ್ಟೆ. ದಿನಾ ಬೆಳಿಗ್ಗೆ ಎದ್ದು ಕುಂದವಾಡ ಕೆರೆ ಸುತ್ತಿದ್ದೇ ಸುತ್ತಿದ್ದು. ಆಳಂದಿ ಮುಟ್ಟುವುದು ಹೇಗೆ ಎಂದು ಯೋಚಿಸಿದ್ದು ಮಾತ್ರ ಕೊನೆಯ ವಾರ. ನಮ್ಮ ಓಣಿಯ ಟೇಲರ್ ಕಾಕಾ ಎಷ್ಟೋ ವಾರಿ ಮಾಡಿದವರು. ಕೇಳಿ ನಕ್ಕುಬಿಟ್ಟರು. "ನಡಿಯಕೆ ಲಕ್ಷಗಟ್ಲೆ ಜನ ಜೊತಿಗಿರ್ತಾರಪ. ಅಲ್ಲಿತಂಕ ಹೋಗಕೆ ನೀನೊಬ್ನೆ" ಎಂದರು. ಅವರು ಹೇಳಿಕೊಟ್ಟದ್ದು, ನಾನು ಎಡವಿ ಕಲಿತದ್ದು ಎರಡೂ ಇಲ್ಲಿವೆ.

ಕಾರಹುಣ್ಣಿಮೆಯಿಂದ ಎಣಿಸಿ

ತಾರೀಖು ಪ್ರತಿ ವರ್ಷ ಬದಲಾಗುತ್ತದೆ, ತಿಥಿ ಬದಲಾಗುವುದಿಲ್ಲ. ವಾರಿ ನಡೆಯುವುದು ಸಂತರ ಪಾಲಖಿ, ಅಂದರೆ ಪಲ್ಲಕ್ಕಿಯ ಜೊತೆ. ತುಕಾರಾಮರ ಪಾಲಖಿ ದೇಹೂ ಊರಿನಿಂದ ಹೊರಡುವುದು ಜ್ಯೇಷ್ಠ ಬಹುಳ ಸಪ್ತಮಿಗೆ. ಜ್ಞಾನೇಶ್ವರರ ಪಾಲಖಿ ಆಳಂದಿಯಿಂದ ಹೊರಡುವುದು ಮರುದಿನ, ಅಷ್ಟಮಿಗೆ. ಮರಾಠಿ ಪಂಚಾಂಗದಲ್ಲಿ 'ವದ್ಯ' ಎಂದಿರುತ್ತದೆ. ಗಾಬರಿ ಬೇಡ, ಅದು ನಮ್ಮ ಬಹುಳವೇ. ತಿಂಗಳ ಲೆಕ್ಕವೂ ಇಬ್ಬರದೂ ಒಂದೇ, ಅಮಾವಾಸ್ಯೆಗೆ ಮುಗಿಯುವಂಥದ್ದು. ಹಾಗಾಗಿ ಮನೆಯ ಕ್ಯಾಲೆಂಡರ್ ಸಾಕು.

ಇನ್ನೂ ಸುಲಭ ಬೇಕೆಂದರೆ, ಎತ್ತಿಗೆ ಬಣ್ಣ ಬಳಿದು ಕರಿ ಹರಿಯುವ ಕಾರಹುಣ್ಣಿಮೆ ನೆನಪಿಟ್ಟುಕೊಳ್ಳಿ. ಅದಾಗಿ ಒಂದು ವಾರಕ್ಕೆ, ಒಂದು ದಿನ ಹಿಂದೆ ಮುಂದೆ, ಪಾಲಖಿಗಳು ಹೊರಡುತ್ತವೆ. ಆಳಂದಿ ಪ್ರಸ್ಥಾನ 2023ರಲ್ಲಿ ಜೂನ್ 11ಕ್ಕೆ ಆಯಿತು, 2024ರಲ್ಲಿ ಜೂನ್ 29ಕ್ಕೆ, 2025ರಲ್ಲಿ ಜೂನ್ 19ಕ್ಕೆ. ಅಧಿಕ ಜ್ಯೇಷ್ಠ ಬಂದರೆ ನಿಜ ಜ್ಯೇಷ್ಠ ಹಿಡಿಯಬೇಕು. 2026ರಲ್ಲಿ ಹಾಗೆಯೇ ಇದೆ. ವಾರಿ ಮುಗಿಯುವ ಆಷಾಢ ಏಕಾದಶಿ ಜುಲೈ 25ಕ್ಕೆ, ಪ್ರಸ್ಥಾನವೂ ಜುಲೈಗೆ ಜಾರುತ್ತದೆ.

ನಮ್ಮ ಕಡೆಯ ರೈತರಿಗೆ ಇದು ಮೆಕ್ಕೆಜೋಳ ಬಿತ್ತನೆಯ ಕಾಲ. ಮಳೆ ಮುಂಚೆ ಬಂದು ಬಿತ್ತನೆ ಮುಗಿದಿದ್ದರೆ ಹೊರಡುವ ಮನಸ್ಸು ಹಗುರ. ತಡವಾದರೆ ಒಂದು ಕಾಲು ಹೊಲದಲ್ಲಿ, ಒಂದು ಕಾಲು ಆಳಂದಿಯಲ್ಲಿ. ಪೂರ್ತಿ ಹೋಗಿ ಬರಲು ಇಪ್ಪತ್ತು ದಿನವಂತೂ ಬೇಕು. ನಡಿಗೆಯೇ 17-18 ದಿನ.

ಟಿಕೆಟ್‌ಗಿಂತ ಮೊದಲು ದಿಂಡಿ

ಮೊದಲು ಟಿಕೆಟ್ ಮಾಡಿಸಿ ಆಮೇಲೆ ದಿಂಡಿ ಹುಡುಕುವವರೇ ಜಾಸ್ತಿ. ನನ್ನ ಪ್ರಕಾರ ಅದು ತಿರುವುಮುರುವು. ದಿಂಡಿ ಎಂದರೆ ಒಟ್ಟಿಗೆ ನಡೆಯುವ ಗುಂಪು. ಅದಕ್ಕೆ ತನ್ನದೇ ಲಾರಿ, ಟೆಂಟು, ಅಡುಗೆಯವರು ಇರುತ್ತಾರೆ. ನಿಮ್ಮ ಚೀಲವನ್ನು ಲಾರಿ ಹೊರುತ್ತದೆ. ಇದಕ್ಕೆಲ್ಲ ಮುಂಚೆಯೇ ಒಂದಿಷ್ಟು ದುಡ್ಡು ಕಟ್ಟಬೇಕು. ದಿಂಡಿ ಇಲ್ಲದೆಯೂ ಜನ ನಡೆಯುತ್ತಾರೆ, ದಾರಿಯುದ್ದಕ್ಕೂ ಊಟ ಹಾಕುವ ಪುಣ್ಯಾತ್ಮರಿಗೆ ಕಡಿಮೆಯಿಲ್ಲ. ಆದರೆ ಮೊದಲ ಸಲ, ಅದೂ ಮಳೆಗಾಲದಲ್ಲಿ, ರಾತ್ರಿ ಎಲ್ಲಿ ಮಲಗುವುದು ಎಂದು ಹುಡುಕುತ್ತಾ ನಡೆಯುವುದು ಬೇಡ.

ದಿಂಡಿ ಹುಡುಕಲು ಪುಣೆಗೆ ಫೋನ್ ಮಾಡಬೇಕಿಲ್ಲ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಭಾವಸಾರ ಕ್ಷತ್ರಿಯ ಮತ್ತು ನಾಮದೇವ ಸಿಂಪಿ ಸಮಾಜದ ಮನೆಗಳಿವೆ. ಏಕಾದಶಿ ಸಂಜೆ ವಿಠ್ಠಲ ಮಂದಿರದ ಭಜನೆಗೆ ಹೋಗಿ ಕುಳಿತುಕೊಳ್ಳಿ. ಮುಗಿದ ಮೇಲೆ ತಾಳ ಚೀಲಕ್ಕೆ ಹಾಕುತ್ತಿರುವ ಹಿರಿಯರನ್ನು ಕೇಳಿ. ಅವರು ಹೋಗದಿದ್ದರೂ ಹೋಗುವವರು ಯಾರೆಂದು ಗೊತ್ತಿರುತ್ತದೆ.

ದಿಂಡಿಯವರ ಹತ್ತಿರ ಬರೆದುಕೊಳ್ಳಬೇಕಾದ್ದು ಇಷ್ಟು: ದಿಂಡಿಯ ನಂಬರು, ಆಳಂದಿಯಲ್ಲಿ ಅವರು ಸೇರುವ ಧರ್ಮಶಾಲೆ, ಲಾರಿಗೆ ಚೀಲ ಹಾಕಲು ಕೊನೆಯ ಹೊತ್ತು. ನಂಬರಿನಲ್ಲಿ ಒಂದು ಮೋಸವಿದೆ. ಪಾಲಖಿಯ ರಥದ ಮುಂದೆ 27 ದಿಂಡಿಗಳು ನಡೆಯುತ್ತವೆ, ಹಿಂದೆ ಅದರ ಎಷ್ಟೋ ಪಟ್ಟು. ಮುಂದಿನವರ ನಂಬರು ಬೇರೆ, ಹಿಂದಿನವರ ನಂಬರು ಬೇರೆ. ರಥದ ಮುಂದೆಯೂ ಒಂದು 15 ಇದೆ, ಹಿಂದೆಯೂ ಒಂದು 15 ಇದೆ. 'ರಥಾಪುಢೆ' ಎಂದರೆ ಮುಂದೆ, 'ರಥಾಮಾಗೆ' ಎಂದರೆ ಹಿಂದೆ. ಈ ಎರಡು ಪದ ಬಾಯಿಪಾಠ ಮಾಡಿಕೊಳ್ಳಿ. ಚೀಲದ ಮೇಲೂ ಬಣ್ಣದಲ್ಲಿ ಬರೆಯಿರಿ. ಇಲ್ಲವಾದರೆ ಚೀಲ ಒಂದು ದಿಂಡಿಯಲ್ಲಿ, ನೀವು ಒಂದು ದಿಂಡಿಯಲ್ಲಿ.

ಪುಣೆವರೆಗೆ

ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಮೊದಲು 120 ದಿನ ಇತ್ತು. ಪ್ರಸ್ಥಾನದ ತಿಥಿಯಿಂದ ಎರಡು ದಿನ ಹಿಂದಕ್ಕೆ ಹೋಗಿ, ಅಲ್ಲಿಂದ 60 ದಿನ ಎಣಿಸಿ, ಆ ಬೆಳಿಗ್ಗೆ ಎಂಟಕ್ಕೆ ಮೊಬೈಲ್ ಹಿಡಿದು ಕೂರಿ.

ದಾವಣಗೆರೆ ಇರುವುದು ಬೆಂಗಳೂರು–ಹುಬ್ಬಳ್ಳಿ ಮುಖ್ಯ ಲೈನಿನಲ್ಲಿ. ದಾದರ್ ಕಡೆಗೆ ಹೋಗುವ ಚಾಲುಕ್ಯ, ಶರಾವತಿ ಎಕ್ಸ್‌ಪ್ರೆಸ್‌ಗಳು ವಾರದ ಕೆಲವು ದಿನ ಇದೇ ದಾರಿಯಲ್ಲಿ ಬೆಳಗಾವಿ, ಮಿರಜ್ ಮೇಲೆ ಪುಣೆಗೆ ಹೋಗುತ್ತವೆ. ಹನ್ನೆರಡು ಗಂಟೆಗಿಂತ ಜಾಸ್ತಿ ಪ್ರಯಾಣ. ನನಗೆ ಇದೇ ಇಷ್ಟ, ಮಲಗಿ ಹೋಗಬಹುದು. ನೇರ ರೈಲು ಸಿಗದಿದ್ದರೆ ರಾಣಿ ಚೆನ್ನಮ್ಮದಲ್ಲಿ ಮಿರಜ್ ಮುಟ್ಟಿ ಅಲ್ಲಿ ಬದಲಿಸಿ.

ಹುಬ್ಬಳ್ಳಿಯಿಂದ ಪುಣೆಗೆ 2024ರ ಸೆಪ್ಟೆಂಬರ್‌ನಿಂದ ವಂದೇ ಭಾರತ್ ಇದೆ, ವಾರಕ್ಕೆ ಮೂರು ದಿನ. ನಸುಕಿನಲ್ಲೇ ಹೊರಡುವುದರಿಂದ ಹಿಂದಿನ ರಾತ್ರಿ ಹುಬ್ಬಳ್ಳಿ ಸೇರಬೇಕು. ಸಿದ್ಧಾರೂಢ ಮಠದಲ್ಲಿ ಪ್ರಸಾದ ಮಾಡಿ ಹೋಗುವವರೂ ಇದ್ದಾರೆ. ಅಂದಹಾಗೆ ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, 1,507 ಮೀಟರ್. ನಿಮ್ಮ ಬೋಗಿ ಆ ತುದಿಯಲ್ಲಿದ್ದರೆ ವಾರಿ ಅಲ್ಲೇ ಶುರುವಾಯಿತು ಅಂದುಕೊಳ್ಳಿ.

ಚಿತ್ರದುರ್ಗದಲ್ಲೂ ಸ್ಟೇಷನ್ ಇದೆ. ಆದರೆ ಅದು ಚಿಕ್ಕಜಾಜೂರಿನಿಂದ ಬಳ್ಳಾರಿ ಕಡೆಗೆ ಒಡೆಯುವ ಲೈನಿನಲ್ಲಿದೆ. ಸುಮ್ನೆ ಬಸ್ ಹತ್ತಿ ದಾವಣಗೆರೆಗೆ ಬಂದು ರೈಲು ಹಿಡಿಯುವುದೇ ಸಲೀಸು. 60 ಕಿ.ಮೀ. ಅಷ್ಟೆ.

ಬಸ್ ಬೇಕಾದವರಿಗೆ ಹೆದ್ದಾರಿ 48 ಇದೆ. ದಾವಣಗೆರೆಯಿಂದ ಪುಣೆಗೆ 575 ಕಿ.ಮೀ. ಆಸುಪಾಸು. ಬೆಂಗಳೂರಿನಿಂದ ಬರುವ ರಾತ್ರಿಯ ಸ್ಲೀಪರ್ ಬಸ್‌ಗಳು ಬೈಪಾಸಿನಲ್ಲೇ ಹತ್ತಿಸಿಕೊಳ್ಳುತ್ತವೆ. ಎಲ್ಲಿ ಇಳಿಸುತ್ತೀರಿ ಎಂದು ಹತ್ತುವಾಗಲೇ ಕೇಳಿ. ಕೆಲವು ಬಸ್ ಪುಣೆ ಊರೊಳಗೆ ಹೋಗುವುದೇ ಇಲ್ಲ, ಕಾತ್ರಜ್ ಹತ್ತಿರ ಇಳಿಸಿ ಬೈಪಾಸ್ ಹಿಡಿಯುತ್ತವೆ. ನಿಮಗೆ ಬೇಕಾದ್ದು ಸ್ವಾರಗೇಟ್.

ಹೋಗುವ ಟಿಕೆಟ್ ಆದ ಮೇಲೆ ವಾಪಸ್ ಟಿಕೆಟ್‌ಗೂ ಅದೇ 60 ದಿನದ ಲೆಕ್ಕ ಹಾಕಿ. ಮೊದಲು ಹೇಳಿದ ಗೋಲಗುಂಬಜ್ ಕೆಲಸಕ್ಕೆ ಬರುವುದು ಈಗ. ಏಕಾದಶಿ ಸಂಜೆಯ ಪಂಢರಪುರ ಸ್ಟೇಷನ್ ಜಾತ್ರೆಗಿಂತ ಜಾತ್ರೆ. ದ್ವಾದಶಿ ಕಳೆದ ಮೇಲಿನ ದಿನಕ್ಕೆ ಮಾಡಿಸಿದರೆ ಉಸಿರಾಡಲು ಜಾಗ ಸಿಗುತ್ತದೆ.

ಕೊನೆಯ 25 ಕಿ.ಮೀ.

ನಾನು ಎಡವಿದ್ದು ಇಲ್ಲಿ. ಕಾಕಾ ಎರಡು ದಿನ ಮೊದಲೇ ಹೋಗಿದ್ದರು. ನಾನು ಪುಣೆಯಲ್ಲಿ ಇಳಿದೆ. ಮಳೆ ಜಿಟಿಜಿಟಿ. ಆಟೊ ಹತ್ತಿ "ಆಳಂದಿ" ಎಂದೆ. ಫೋನಿನ ಮ್ಯಾಪಿನಲ್ಲಿ ಆಳಂದಿ ಎಂದು ಬಂದ ಮೊದಲ ಹೆಸರನ್ನೇ ಒತ್ತಿ ಡ್ರೈವರ್‌ಗೂ ತೋರಿಸಿದೆ. ಒಂದು ತಾಸಾಯಿತು. ತಾಳದ ಸದ್ದಿಲ್ಲ, ಒಂದು ಕೇಸರಿ ಧ್ವಜವೂ ಕಾಣಲಿಲ್ಲ. ಕಾಕಾಗೆ ಫೋನ್ ಮಾಡಿದೆ.

"ಎಲ್ಲಿದೀಯಪ?"

"ಲೋಣಿ ಅಂತ ಬೋರ್ಡ್ ಬಂತು ಕಾಕಾ."

"ಲೋಣಿ? ತುಕಾರಾಮರ ಪಾಲಖಿ ಪುಣೆ ಬಿಟ್ಟು ಆಮೇಲೆ ಬರೋ ಊರು ಅದು. ನೀ ಆಗ್ಲೇ ಅಲ್ಲೇನ್ ಮಾಡ್ತಿ?"

ಪುಣೆ ಸುತ್ತ ಆಳಂದಿ ಎಂಬ ಹೆಸರಿನ ಊರು ಒಂದಲ್ಲ. ಸೊಲ್ಲಾಪುರ ರಸ್ತೆ ಕಡೆ ಮ್ಹಾತೋಬಾಚಿ ಆಳಂದಿ ಇದೆ. ಚೋರಾಚಿ ಆಳಂದಿ, ಅಂದರೆ ಕಳ್ಳರ ಆಳಂದಿ, ಅಂತಲೂ ಒಂದಿದೆ. ನಮಗೆ ಬೇಕಾದ್ದು 'ದೇವಾಚಿ ಆಳಂದಿ'. ಯಾರನ್ನು ಕೇಳಿದರೂ ಪೂರ್ತಿ ಹೆಸರು ಹೇಳಿ. ಇನ್ನು ನಮ್ಮ ಕಲಬುರಗಿ ಜಿಲ್ಲೆಯ ಆಳಂದವನ್ನೂ ಇದಕ್ಕೆ ಸೇರಿಸಿ ಗೊಂದಲ ಮಾಡಿಕೊಂಡವರಿದ್ದಾರೆ. ಅವರ ಮುಂದೆ ನಾನೇ ವಾಸಿ.

ಸರಿಯಾದ ದಾರಿ ಸುಲಭವೇ ಇದೆ. ಸ್ವಾರಗೇಟ್‌ನಿಂದಲೂ ಮನಪಾ (ಮಹಾನಗರ ಪಾಲಿಕೆ) ನಿಲ್ದಾಣದಿಂದಲೂ ಆಳಂದಿಗೆ ಸಿಟಿ ಬಸ್ ಇವೆ. ಪಿಎಂಪಿಎಂಎಲ್ ಎಂದು ಬರೆದಿರುತ್ತದೆ. ಬೋರ್ಡು ಮರಾಠಿಯಲ್ಲಿ ಇರುತ್ತದೆ, ಶಾಲೆಯ ಹಿಂದಿ ಕೈಹಿಡಿಯುತ್ತದೆ. ವಾರಿಯ ದಿನಗಳಲ್ಲಿ ಹೆಚ್ಚುವರಿ ಬಸ್ ಬಿಡುತ್ತಾರೆ. ಪ್ರಸ್ಥಾನದ ದಿನ ಆಳಂದಿಯ ರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಊರ ಹೊರಗೆ ಇಳಿದು ನಡೆಯಬೇಕು. ಹಾಗಾಗಿ ಹಿಂದಿನ ದಿನವೇ ಸೇರಿಕೊಳ್ಳುವುದು ಒಳ್ಳೆಯದು ಎಂದು ನಾನು ಒತ್ತಿ ಹೇಳುತ್ತೇನೆ.

ತುಕಾರಾಮರ ಪಾಲಖಿ ಜೊತೆ ಹೋಗುವವರಿಗೆ ದಾರಿ ಬೇರೆ. ಪುಣೆಯಿಂದ ಲೋಣಾವಳಕ್ಕೆ ಹೋಗುವ ಲೋಕಲ್ ರೈಲು ಹತ್ತಿ ದೇಹೂ ರೋಡ್‌ನಲ್ಲಿ ಇಳಿಯಬೇಕು. ದೇಹೂ ರೋಡ್ ಎಂದರೆ ದೇಹೂ ಅಲ್ಲ. ಊರು ಇನ್ನೂ ಕೆಲವು ಕಿ.ಮೀ. ದೂರ ಇದೆ.

ಆಳಂದಿಯಲ್ಲಿ ಆ ರಾತ್ರಿ

ಮೊದಲು ದಿಂಡಿಯ ಧರ್ಮಶಾಲೆ ಹುಡುಕಿ ಚೀಲ ಇಡಿ, ಆಮೇಲೆ ದರ್ಶನ. ಇಲ್ಲಿ ಎಲ್ಲರೂ ಎಲ್ಲರನ್ನೂ 'ಮಾವುಲಿ' ಎಂದೇ ಕರೆಯುತ್ತಾರೆ. ತಾಯಿ ಎಂದರ್ಥ. ಪೊಲೀಸರನ್ನೂ, ಚಹಾ ಅಂಗಡಿಯವರನ್ನೂ ಹಾಗೇ ಕರೆದು ದಾರಿ ಕೇಳಿ. ಮರಾಠಿ ಬಾರದವರಿಗೆ ಅರ್ಧ ಕೆಲಸ ಆ ಒಂದು ಪದದಲ್ಲೇ ಆಗುತ್ತದೆ. ಇಂದ್ರಾಯಣಿಯ ಸ್ನಾನದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಇತ್ತೀಚಿನ ವರ್ಷಗಳಲ್ಲಿ ನದಿ ಕೆಲವೊಮ್ಮೆ ಬಿಳಿ ನೊರೆ ಕಟ್ಟಿಕೊಂಡು ಹರಿಯುತ್ತದೆ. ನಾನು ತಲೆಗೆ ನಾಲ್ಕು ಹನಿ ಪ್ರೋಕ್ಷಣೆ ಮಾಡಿಕೊಂಡು ಧರ್ಮಶಾಲೆಯ ನಲ್ಲಿಗೆ ಬಂದೆ. 250 ಕಿ.ಮೀ. ನಡೆಯುವ ಮೊದಲು ಚರ್ಮಕ್ಕೂ ಹೊಟ್ಟೆಗೂ ತೊಂದರೆ ತಂದುಕೊಳ್ಳುವುದು ಬೇಡ. ಊಟದ ಯೋಚನೆ ಇಲ್ಲ. ಆದರೂ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಚೀಲದಲ್ಲಿರಲಿ. ನಾನು ಒಯ್ದ ಮಂಡಕ್ಕಿ ಮಳೆಗೆ ಮೆತ್ತಗಾಗಿ ಹೋಯಿತು.

ಜ್ಞಾನೇಶ್ವರರು ಇಲ್ಲಿ ಸಮಾಧಿ ಆದದ್ದು 1296ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ. ಪ್ರಸ್ಥಾನದ ಹೊತ್ತಿಗೆ ಸಮಾಧಿ ಮಂದಿರದ ಒಳಗೆ ಮಾನದ ದಿಂಡಿಯವರಿಗಷ್ಟೇ ಜಾಗ. ನೂಕಿಕೊಂಡು ಒಳಹೋಗಲು ನೋಡಬೇಡಿ. ಹೊರಗೆ ನಿಂತು ಶಿಖರದ ಕಳಸ ನೋಡಿ. ಪಾಲಖಿ ಎದ್ದಾಗ ಅದು ಅಲುಗುತ್ತದೆ ಎಂದು ನಂಬಿಕೆ. ನನ್ನ ಪಕ್ಕದ ಅಜ್ಜಿ ಅಲುಗಿತು ಎಂದು ಕೈ ಮುಗಿದರು. ನನಗೆ ಕಂಡದ್ದು ಎದುರಿದ್ದವರ ಛತ್ರಿ.

ಹೊಸಬರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಪ್ರಸ್ಥಾನ ಆಯಿತು ಎಂದರೆ ಪಾಲಖಿ ಊರು ಬಿಟ್ಟಿತು ಎಂದಲ್ಲ. ಅದು ದೇವಸ್ಥಾನದಿಂದ ಹೊರಬರುವ ಹೊತ್ತಿಗೆ ಸಂಜೆ, ಕೆಲವೊಮ್ಮೆ ರಾತ್ರಿ. ಆ ರಾತ್ರಿ ಆಳಂದಿಯಲ್ಲೇ ತಂಗುತ್ತದೆ. ನಡಿಗೆ ಮರುದಿನ ಬೆಳಿಗ್ಗೆ. ರೈಲು ತಡವಾಯಿತು ಎಂದು ಅಳಬೇಕಿಲ್ಲ. ಅದೂ ತಪ್ಪಿದರೆ ಪುಣೆ ಇದೆ. ಎರಡೂ ಪಾಲಖಿ ಅಲ್ಲಿ ಎರಡು ರಾತ್ರಿ ಇರುತ್ತವೆ. ಜ್ಞಾನೇಶ್ವರರದು ಭವಾನಿ ಪೇಠೆಯ ಪಾಲಖಿ ವಿಠೋಬಾ ಮಂದಿರದಲ್ಲಿ, ತುಕಾರಾಮರದು ನಾನಾ ಪೇಠೆಯ ನಿವಡುಂಗ್ಯಾ ವಿಠೋಬಾ ಮಂದಿರದಲ್ಲಿ. ಆದರೆ ಪುಣೆಯಲ್ಲಿ ಸೇರಿಕೊಂಡವರಿಗೆ ಮೊದಲ ದಿನವೇ ದಿವೇ ಘಾಟ್ ಹತ್ತಿ ಸಾಸವಡ ಮುಟ್ಟುವ ಶಿಕ್ಷೆ. ಇಡೀ ವಾರಿಯಲ್ಲೇ ಉದ್ದದ ನಡಿಗೆ ಅದು.

ಬೆಳಿಗ್ಗೆ ಐದಕ್ಕೆಲ್ಲ ಎದ್ದು ರಸ್ತೆಗೆ ಬನ್ನಿ. ಬಸ್ಸಿನಲ್ಲಿ ಬಂದ ದಿಘಿ ರಸ್ತೆಯಲ್ಲೇ ಈಗ ನಡೆದು ಪುಣೆಗೆ ವಾಪಸ್. ಪಾಲಖಿಯ ಜೊತೆ ಎರಡು ಕುದುರೆಗಳು ಬರುತ್ತವೆ. ಒಂದರ ಮೇಲೆ ಧ್ವಜ ಹಿಡಿದ ಸವಾರ. ಇನ್ನೊಂದರ ಮೇಲೆ ಯಾರೂ ಕೂರುವುದಿಲ್ಲ, ಅದು ಮಾವುಲಿಯ ಕುದುರೆ. ಜನ ಅದರ ಕಾಲಡಿಯ ಮಣ್ಣಿಗೆ ಮುಗಿಬೀಳುತ್ತಾರೆ. ಕಾಕಾ ನನ್ನ ಭುಜ ತಟ್ಟಿ ತೋರಿಸಿದರು. "ಇವು ನಮ್ ಕಡೆವು. ಬೆಳಗಾವಿ ಜಿಲ್ಲೆ ಅಂಕಲಿಯ ಶಿತೋಳೆ ಸರ್ಕಾರ್ ಮನೆಯವು. ಪ್ರತಿ ವರ್ಷ ಅಲ್ಲಿಂದ ಬರ್ತಾವೆ."

"ಲಾರಿಯಲ್ಲಾ ಕಾಕಾ?"

"ಇಲ್ಲಪ. ಮುನ್ನೂರು ಕಿಲೋಮೀಟ್ರು, ನಡ್ಕಂಡೇ."