ಮುಚ್ಚಿದ ಹೊಲಗಾಲುವೆ ಕೋರ್ಟಲ್ಲಿ ಬಿಡಿಸ್ಕೊಂಡಿದ್ದು: ನನ್ನ ಅನುಭವ

ಮಲೇಬೆನ್ನೂರು ಕಡೆ ನಮ್ದು ಮೂರೂವರೆ ಎಕರೆ ಗದ್ದೆ, ಭದ್ರಾ ನಾಲೆ ಕೊನೇ ಭಾಗ. ತೂಬಿಂದ ನೀರು ಪಕ್ಕದೋರ ಜಮೀನು ಹಾದೇ ಬರ್ಬೇಕು. ಆ ಜಮೀನು ಕೈ ಬದಲಾಯ್ತು, ಹೊಸಬ್ರು ಅಡಿಕೆ ಇಟ್ರು, ಕಾಲುವೆ ಮುಚ್ಚಿದ್ರು. "ಕೋರ್ಟಿಗೆ ಹೋದ್ರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು ಬರುತ್ತೆ, ಬೋರ್ ಕೊರೆಸ್ಕೊ ಸುಮ್ನೆ" ಅಂದ್ರು ಊರೋರೆಲ್ಲ. ಬೋರೂ ಕೊರೆಸ್ದೆ, ಆರುನೂರು ಅಡಿ ಹತ್ರ ಹೋಗಿ ಬರೀ ಧೂಳು, ಒಂದೂವರೆ ಲಕ್ಷದಷ್ಟು ಹೋಯ್ತು.

ಆಮೇಲೆ ಕೋರ್ಟಿಗೇ ಹೋದೆ. ದಾವೆ (ಓಎಸ್) ಹಾಕೋದು, ವಕೀಲ್ರಿಗೆ ವಕಾಲತ್ತು ಕೊಡೋದು, ಸಮನ್ಸ್ ಇವನ್ನೆಲ್ಲ ಬಿಡ್ತೀನಿ. ನೀರಾವರಿ ಆಫೀಸಲ್ಲಿ "ತೂಬಿಂದ ಆಚೆ ನಿಮ್ನಿಮ್ದು ನೋಡ್ಕೊಳ್ಳಿ" ಅಂದು ಕೈ ತೊಳ್ಕೊಂಡ್ರು. ಮೊದಲನೇ ವಕೀಲರು ದಾವೆಯಲ್ಲಿ ಕಾಲುವೆ ಜಾಗನೂ ನಮ್ದೇ ಅಂತ ಬರೆದ್ರು, ಈಸ್‌ಮೆಂಟ್ ಹಕ್ಕೂ (ಅಂದ್ರೆ ಬೇರೆಯವರ ಜಾಗದಲ್ಲಿ ನೀರು ಹಾಯಿಸ್ಕೊಳ್ಳೋ ಹಕ್ಕು) ಐತೆ ಅಂತ ಬರೆದ್ರು. ಸ್ವಂತ ಜಾಗದ ಮೇಲೆ ಈಸ್‌ಮೆಂಟ್ ಎಲ್ಲಿಂದ ಬರ್ಬೇಕು? ಎದುರು ವಕೀಲರು ಅದೇ ಹಿಡ್ಕೊಂಡು ಕುಣಿದ್ರು. ಮಧ್ಯಂತರ ಆದೇಶ ಕೇಳಿದ್ರೆ ಯಥಾಸ್ಥಿತಿ ಅಂತ ಸಿಕ್ತು, ಅಂದ್ರೆ ಮುಚ್ಚಿದ ಕಾಲುವೆ ಮುಚ್ಚಿದ ಹಂಗೇ ಇರ್ಲಿ ಅಂತ! ಎರಡು ಬೆಳೆ ಹೋದ್ವು.

ವಕೀಲ್ರನ್ನ ಬದಲಾಯಿಸಿ, ದಾವೆ ತಿದ್ದುಪಡಿ ಮಾಡಿಸಿ, ಬರೀ ಈಸ್‌ಮೆಂಟ್ ಉಳಿಸ್ಕೊಂಡ್ವಿ. 1882ರ ಈಸ್‌ಮೆಂಟ್ ಕಾಯ್ದೆ 15ನೇ ಕಲಂ ಪ್ರಕಾರ 20 ವರ್ಷ ಅಡ್ಡಿಯಿಲ್ದೆ ನೀರು ಹಾಯಿಸಿರ್ಬೇಕು, ಆ 20 ವರ್ಷ ದಾವೆ ಹಾಕೋಕೆ ಹಿಂದಿನ 2 ವರ್ಷದೊಳಗೆ ಮುಗಿದಿರ್ಬೇಕು. ರಾಜಿ ಪಂಚಾಯ್ತಿ ಅಂತ ಮೂರ್ನಾಲ್ಕು ವರ್ಷ ಸುತ್ತಿ ಆಮೇಲೆ ಕೋರ್ಟಿಗೆ ಬರೋರು ಕೆಡೋದು ಇಲ್ಲೇ. ಕಾಲುವೆ ಮುಚ್ಚಿದ ವರ್ಷನೇ ನಾನು ದಾವೆ ಹಾಕಿದ್ದೆ.

ಸಾಕ್ಷಿಗೆ ಬಂದೋರು ಪಾಟಿ ಸವಾಲಲ್ಲಿ ಒಬ್ಬೊಬ್ಬರೂ ಒಂದೊಂದು ದಿಕ್ಕು ಹೇಳಿದ್ರು. ಉಳಿಸಿದ್ದು ಅಪ್ಪ ಟ್ರಂಕಲ್ಲಿ ಇಟ್ಟಿದ್ದ ನೀರು ಕಂದಾಯದ ರಸೀದಿಗಳು. ತಾರೀಖು ಅಳಿಸಿತ್ತು, ಆದ್ರೆ ಸೀಲಲ್ಲಿ ಚಿತ್ರದುರ್ಗ ಜಿಲ್ಲೆ ಅಂತ ಕಾಣ್ತಿತ್ತು, ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ ಅಲ್ವಾ, ಅಂದ್ರೆ ರಸೀದಿ ಅದಕ್ಕಿಂತ ಹಿಂದಿನದು, 20 ವರ್ಷದ ಲೆಕ್ಕ ತಾನೇ ಆಯ್ತು. ಇದನ್ನ ಹಿಡಿದಿದ್ದು ನಾನು, ವಕೀಲ್ರಲ್ಲ.

ಮಧ್ಯೆ ಮಗ ಗೂಗಲ್ ಅರ್ಥ್‌ನಲ್ಲಿ ಹಳೇ ಚಿತ್ರ ತೆಗೆದ. ಕಾಲುವೆ ಗೆರೆ ಚೆನ್ನಾಗೇ ಕಾಣುತ್ತೆ, ವರ್ಷವರ್ಷದ್ದೂ ಕಲರ್ ಪ್ರಿಂಟ್ ಹಾಕಿಸಿದ್ವಿ. ಕಂಪ್ಯೂಟರಿಂದ ತೆಗೆದ ದಾಖಲೆಗೆ ಬೇಕಾದ ಸಾಕ್ಷ್ಯ ಕಾಯ್ದೆಯ 65ಬಿ ಸರ್ಟಿಫಿಕೇಟ್ ಎಲ್ಲಿ ಅಂತ ಆಕ್ಷೇಪಣೆ ಬಂತು (ಈಗಿನ ಹೊಸ ಕಾಯ್ದೆಲಿ ಅದು 63), ಕೊನೆಗೆ ಸಾಕ್ಷ್ಯ ಅಂತ ಮಾರ್ಕೇ ಆಗ್ಲಿಲ್ಲ. ಮನೇಲಿ ಫ್ರೇಮ್ ಹಾಕಿಸಿಟ್ಟಿದೀನಿ, ಬಂದೋರಿಗೆಲ್ಲ ತೋರಿಸ್ತೀನಿ.

ಕೇಸ್ ತಿರುಗಿದ್ದು ಕಮಿಷನರ್ (ಕೋರ್ಟ್ ಪರವಾಗಿ ಸ್ಥಳ ನೋಡಿ ವರದಿ ಕೊಡೋರು) ಬಂದಾಗ. ಅದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆ (ಸಿಪಿಸಿ) 26ನೇ ಆರ್ಡರ್ 9ನೇ ರೂಲ್ ಅರ್ಜಿ ಮೊದ್ಲು ವಜಾ ಆಗಿತ್ತು, ಸಾಕ್ಷಿ ಸಂಗ್ರಹಕ್ಕೆ ಕಮಿಷನರ್ ಕೊಡಲ್ಲ ಅಂತ. ಸಾಕ್ಷಿ ವಿಚಾರಣೆ ಮುಗಿದ ಮೇಲೆ ಮತ್ತೆ ಹಾಕಿದ್ವಿ, ಸರ್ವೆಯರ್‌ನೇ ನೇಮಿಸಿದ್ರು. ಬೇಸಿಗೆ ಬೆಳೆಗೆ ನಾಲೆ ಆನ್ ಅಂಡ್ ಆಫ್ ಮಾಡ್ತಾರಲ್ಲ (ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸ್ತಾರೆ), ಸ್ಥಳ ತನಿಖೆ ಸರಿಯಾಗಿ ಆನ್ ಇರೋ ದಿನಾನೇ ಬೀಳೋ ಹಂಗೆ ನೋಡ್ಕೊಂಡ್ವಿ. ತೂಬಿಂದ ಬಂದ ನೀರು ಮುಚ್ಚಿದ ಜಾಗಕ್ಕೆ ಬಂದು ನಿಂತು ಅವರದೇ ಅಡಿಕೆ ಬುಡಕ್ಕೆ ನುಗ್ತು, ಸರ್ವೆಯರ್ ಫೋಟೋ ಸಮೇತ ಬರೆದ್ರು. ಕಮಿಷನರ್‌ಗೆ ಕೊಟ್ಟ ಮೆಮೋದಲ್ಲಿ ಏನೇನು ಪಾಯಿಂಟ್ ಕೇಳಿದ್ವಿ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ, ಎದುರು ಪಾರ್ಟಿನೂ ಓದ್ತಾರೆ.

ಖರ್ಚು ನೆನಪಿದ್ದಷ್ಟು: ಇಬ್ರು ವಕೀಲ್ರಿಗೂ ಸೇರಿ ಎಂಬತ್ತು ತೊಂಬತ್ತು ಸಾವಿರ, ಕಮಿಷನರ್ ಫೀಸು ಹತ್ತು ಹದಿನೈದು, ನಕಲು ಪ್ರತಿ, ಓಡಾಟ ಸೇರಿ ಇನ್ನೊಂದು ಮೂವತ್ತು. ಬೋರಿಗಿಂತ ಕಮ್ಮಿನೇ!

ಡಿಕ್ರಿ ಆಯ್ತು, ಅವರ ಅಪೀಲೂ ವಜಾ ಆಯ್ತು. ಇನ್ನು ಹೋದ್ರೆ ಹೈಕೋರ್ಟಲ್ಲಿ ಎರಡನೇ ಅಪೀಲು, ಅಂದ್ರೆ ಆರ್‌ಎಸ್‌ಎ, ನಮ್ ಜಿಲ್ಲೆದು ಧಾರವಾಡಕ್ಕಲ್ಲ, ಬೆಂಗಳೂರಿಗೇ ಹೋಗ್ಬೇಕು, ಅದ್ರಲ್ಲೂ ಕಾನೂನು ಪ್ರಶ್ನೆ ಇದ್ರೆ ಮಾತ್ರ. ಡಿಕ್ರಿ ಆದ್ರೂ ಅವರು ಬಿಡ್ಲಿಲ್ಲ, 21ನೇ ಆರ್ಡರ್ 32ನೇ ರೂಲಲ್ಲಿ ಡಿಕ್ರಿ ಜಾರಿ ಅರ್ಜಿ (ಇಪಿ) ಹಾಕಿ ಕೋರ್ಟ್ ಅಮೀನರ ಎದುರೇ ಜೆಸಿಬಿ ಬಿಟ್ವಿ. ಮೂರು ತಾಸಿನ ಕೆಲಸ. ಜೆಸಿಬಿ ಬಾಡಿಗೆ ಅವರಿಂದಲೇ ವಸೂಲಿ ಮಾಡ್ಕೊಡಿ ಅಂತ ಕೇಳಿದೀವಿ, ಅದು ಇನ್ನೂ ನಡೀತೈತೆ.