ಮನೆ ಬದಲಿಸುವ ಮುಂಚೆ ಬಾಡಿಗೆ ದಾಖಲೆ ಸರಿಮಾಡಿಕೊಳ್ಳಿ

ಬೆಂಗಳೂರಲ್ಲಿ ಹೊಸ ಮನೆ ಹುಡುಕುವ ಮುಂಚೆ ಹಳೆಯ ಕರಾರುಪತ್ರಗಳನ್ನು ತೆಗೆದು ನೋಡಿ. 11 ತಿಂಗಳು ಮುಗಿದ ಮೇಲೂ ನವೀಕರಿಸದೆ ಉಳಿದಿದ್ದರೆ ಆಮೇಲಿನ ಅವಧಿಗೆ ಕೈಯಲ್ಲಿ ಕಾಗದವೇ ಇರುವುದಿಲ್ಲ, ಎಡವುವುದು ಇಲ್ಲೇ. ಬಾಡಿಗೆಯನ್ನು ಯುಪಿಐನಲ್ಲೇ ಕಳಿಸಿ, ಟಿಪ್ಪಣಿಯಲ್ಲಿ ‘ಜೂನ್ ಬಾಡಿಗೆ, 2ನೇ ಮಹಡಿ’ ಎಂದು ಬರೆಯಿರಿ. ಓನರ್ ನಗದೇ ಬೇಕೆಂದರೆ ಸಹಿ ಮಾಡಿದ ರಸೀದಿ ಕೇಳಿ. ವರ್ಷದ ಬಾಡಿಗೆ 1 ಲಕ್ಷ ರೂಪಾಯಿ ದಾಟಿದರೆ ಎಚ್‌ಆರ್‌ಎ (ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿಗೆ ಓನರ್ ಪ್ಯಾನ್ ಸಂಖ್ಯೆಯೂ ಬೇಕು.

ಸಾಲ, ಕಾರ್ಡ್ ಬಿಲ್ ಕಟ್ಟಿದ ದಾಖಲೆಯಾದ ಸಿಬಿಲ್ ವರದಿಯನ್ನೂ ಒಮ್ಮೆ ನೋಡಿ, ವರ್ಷಕ್ಕೊಮ್ಮೆ ಉಚಿತ. ಬಾಡಿಗೆ ಅದರಲ್ಲಿ ಸಾಮಾನ್ಯವಾಗಿ ಕಾಣದು. ಆದರೆ ಕ್ರೆಡಿಟ್ ಕಾರ್ಡಲ್ಲಿ ಬಾಡಿಗೆ ಕಟ್ಟಿ ಕಾರ್ಡಿನ ಬಿಲ್ ಬಾಕಿ ಉಳಿಸಿದರೆ ಖಂಡಿತ ಕಾಣುತ್ತದೆ!

ಮನೆ ಬಿಡುವ ದಿನ ಬೆಸ್ಕಾಂ ಕರೆಂಟ್ ಬಿಲ್ ತೀರಿಸಿ, ಮೀಟರಿನ ಫೋಟೊ ತೆಗೆಯಿರಿ. ಪೇಂಟಿಂಗ್‌ಗೆಂದು ಎಷ್ಟು ಹಿಡಿದುಕೊಂಡರು, ಅಡ್ವಾನ್ಸ್ ಎಷ್ಟು ವಾಪಸ್ ಬಂತು, ‘ಬಾಕಿ ಏನೂ ಇಲ್ಲ’ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ.